ಪ್ರಾರ್ಥನೆಯ ಹೊತ್ತಿಗೂ ಕೂಲಿ ಹಿಡಿಯಬೇಕೆ?

ಆದೋನಿಯ ಹತ್ತಿ ಮಾರುಕಟ್ಟೆಯಲ್ಲಾಗಲಿ, ರಾಯದುರ್ಗ, ಮಡಕಶಿರಾ ಕಡೆಯ ಶೇಂಗಾ ಹೊಲಗಳಲ್ಲಾಗಲಿ, ದುಡಿಯುವ ಕೈಗಳಿಗೆ ಒಂದೇ ಧರ್ಮವಿಲ್ಲ. ತೂಕ ಹಾಕುವವನು ಒಬ್ಬ, ಮೂಟೆ ಹೊರುವವನು ಇನ್ನೊಬ್ಬ, ಚೀಟಿ ಬರೆಯುವ ಗುಮಾಸ್ತ ಮತ್ತೊಬ್ಬ. ಅವರವರಿಗೆ ಅವರವರ ದೇವರು, ಅವರವರ ಹೊತ್ತು. ನಮ್ಮ ಹಿರಿಯರು ಇದನ್ನು ದೊಡ್ಡ ಸಂಗತಿ ಅಂತ ಎಣಿಸಿದವರಲ್ಲ. ಆದರೆ ಈಚೆಗೆ ಒಂದು ಮಾತು ಹೆಚ್ಚಾಗಿ ಕಿವಿಗೆ ಬೀಳ್ತಾ ಇದೆ: "ಕೆಲಸದ ಹೊತ್ತಿನಲ್ಲಿ ಎಂಥ ಪ್ರಾರ್ಥನೆ? ಅಷ್ಟು ಹೊತ್ತಿನ ಕೂಲಿ ಹಿಡೀಬೇಕು." ಕಳೆದ ಸುಗ್ಗಿಯಲ್ಲಿ ನಮ್ಮ ಕಡೆ ಒಂದು ಹೊಲದಲ್ಲಿ ಇದೇ ಮಾತಿಗೆ ಜಗಳವಾಗಿ, ಶೇಂಗಾ ಕೀಳುವ ಆಳುಗಳು ಅರ್ಧ ದಿನಕ್ಕೇ ಎದ್ದು ಹೋದರು. ನಷ್ಟ ಇಬ್ಬರಿಗೂ ಆಯಿತು.

ಆಳು ಕರೆದು ಹೊಲ ಮಾಡುವವನಾದ್ದರಿಂದ ನನಗೂ ಇದು ಸಂಬಂಧಪಟ್ಟ ವಿಷಯ. ದುಡಿಯುವವನ ಪ್ರಾರ್ಥನೆಯ ಬಗ್ಗೆ ಧರ್ಮಗಳೇ ಏನು ಹೇಳಿವೆ ಅಂತ ವಿಚಾರಿಸುತ್ತಾ ಹೋದೆ. ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಹೊತ್ತು ಎಷ್ಟು ಬೇಕು?

ಮೊದಲು ನಮಾಜು. ದಿನಕ್ಕೆ 5 ಸಲ. ಫಜರ್ ಸೂರ್ಯ ಹುಟ್ಟುವ ಮುಂಚೆ, ಮಗ್ರಿಬ್ ಹೊತ್ತು ಮುಳುಗಿದ ಮೇಲೆ, ಇಶಾ ರಾತ್ರಿ. ಹೊಲದ ಕೆಲಸದ ನಡುವೆ ಬರುವುದು ಜೋಹರ್, ಅಸರ್ ಎರಡೇ. ಜೋಹರ್ ಅಂದರೆ ಹೊತ್ತು ನೆತ್ತಿ ದಾಟಿದ ಮೇಲಿಂದ ಅಸರ್ ಹೊತ್ತಾಗುವವರೆಗೆ ಯಾವಾಗಲಾದರೂ ಮಾಡಬಹುದು. ಕಡ್ಡಾಯದ ನಾಲ್ಕು ರಕಾತಿಗೆ ಹತ್ತು ನಿಮಿಷ ಸಾಕು. ಮುಂಚೆ ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು ತೊಳೆದು, ತಲೆಗೆ ಒದ್ದೆ ಕೈ ಸವರಿ, ಕಾಲು ತೊಳೆಯಬೇಕು. ನೀರು ಸಿಗದ ಕಡೆ ಶುದ್ಧವಾದ ಮಣ್ಣನ್ನು ಮುಟ್ಟಿ ಮುಖಕ್ಕೂ ಕೈಗೂ ಸವರಿಕೊಂಡರೆ ನಡೆಯುತ್ತದೆ. ಇದಕ್ಕೆ ತಯಮ್ಮುಮ್ ಅಂತಾರೆ. ದೂರ ಪ್ರಯಾಣದಲ್ಲಿ ಇರುವವನಿಗೆ ನಾಲ್ಕು ರಕಾತು ಎರಡಕ್ಕೆ ಇಳಿಯುತ್ತದೆ. ಲಾರಿ ಓಡಿಸುವವನಿಗೆ ಇದು ಎಂಥ ಅನುಕೂಲ ನೋಡಿ.

ಶುಕ್ರವಾರ ಮಧ್ಯಾಹ್ನದ್ದು ಮಾತ್ರ ಬೇರೆ. ಅದನ್ನು ಮಸೀದಿಯಲ್ಲಿ ಜಮಾತಿನ ಜೊತೆ, ಖುತ್ಬಾ ಕೇಳಿ ಮಾಡಬೇಕು. ಇದರ ಬಗ್ಗೆ ಕುರಾನಿನ 62ನೇ ಅಧ್ಯಾಯದಲ್ಲಿ ಬರುವ ಮಾತು ವ್ಯಾಪಾರಸ್ಥರು ತಿಳಿದಿರಬೇಕಾದದ್ದು. ಕರೆ ಕೇಳಿದಾಗ ಕೊಡುಕೊಳ್ಳುವುದನ್ನು ಬಿಟ್ಟು ಬನ್ನಿ ಎಂದ ಮೇಲೆ, ನಮಾಜು ಮುಗಿದರೆ ಮತ್ತೆ ಹೊರಟು ದೇವರು ಕೊಡುವ ಜೀವನೋಪಾಯ ಹುಡುಕಿ ಎಂದೂ ಅಲ್ಲೇ ಹೇಳಿದೆ. ಬಿಡುವೂ ಕೆಲಸವೂ ಒಂದರ ಹಿಂದೆ ಒಂದು.

ಜೈನರ ಸಾಮಾಯಿಕಕ್ಕೆ 48 ನಿಮಿಷ ಬೇಕು, ಅಂದರೆ ಎರಡು ಗಳಿಗೆ. ಅಷ್ಟು ಹೊತ್ತು ಲಾಭ ನಷ್ಟ, ಕೋಪ ತಾಪ ಬಿಟ್ಟು ಒಂದೇ ಕಡೆ ಕೂರಬೇಕು. ವ್ಯಾಪಾರವೇ ಬದುಕಾದ ಸಮುದಾಯ ಲೆಕ್ಕದ ಪುಸ್ತಕವನ್ನು ದಿನಾ ಎರಡು ಗಳಿಗೆ ಮುಚ್ಚಿಡುವುದು ಸಣ್ಣ ಮಾತಲ್ಲ. ಸಾಮಾನ್ಯವಾಗಿ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಮುಗಿಸಿರ್ತಾರೆ, ಅದಕ್ಕೇ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇದ್ದಲ್ಲೇ ಪ್ರಾರ್ಥನೆ

ಯಹೂದ್ಯರು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪ್ರಾರ್ಥಿಸುತ್ತಾರೆ. ಅವರ ಧರ್ಮಶಾಸ್ತ್ರವಾದ ಮಿಶ್ನಾ ಸುಮಾರು 1800 ವರ್ಷದ ಹಿಂದೆ ಕಟ್ಟಿದ್ದು. ಬೆಳಿಗ್ಗೆ ಮತ್ತು ರಾತ್ರಿ ಹೇಳುವ ಶೆಮಾ ಪ್ರಾರ್ಥನೆಯನ್ನು ಕೂಲಿಯವನು ಮರದ ಮೇಲಿದ್ದರೆ ಮರದ ಮೇಲೆ, ಗೋಡೆ ಕಟ್ಟುತ್ತಿದ್ದರೆ ಗೋಡೆಯ ಮೇಲೆ, ಕೆಳಗೆ ಇಳಿಯದೆ ಹೇಳಬಹುದು ಅಂತ ಅದರಲ್ಲಿ ನಿಯಮವಿದೆ. ಊಟದ ನಂತರದ ಪ್ರಾರ್ಥನೆಯನ್ನೂ ಕೂಲಿಯವನು ಚಿಕ್ಕದು ಮಾಡಿಕೊಳ್ಳಬಹುದು ಅಂತ ತಾಲ್ಮುದ್ ಹೇಳುತ್ತದೆ. ಯಾಕೆಂದರೆ ಆ ಹೊತ್ತು ಕೂಲಿ ಕೊಟ್ಟವನದೂ ಹೌದು.

ಕ್ರೈಸ್ತರಲ್ಲಿ 6ನೇ ಶತಮಾನದ ಸಂತ ಬೆನೆಡಿಕ್ಟರು ಮಠವಾಸಿಗಳಿಗೆ ನಿಯಮ ಬರೆದರು. ಪ್ರಾರ್ಥನೆಗೆ ಹೊತ್ತು ಗೊತ್ತುಮಾಡಿ, ನಡುವೆ ಮೈಮುರಿದು ದುಡಿಯುವ ಕೆಲಸವನ್ನೂ ಇಟ್ಟರು. ದೂರದಲ್ಲಿ ಕೆಲಸಕ್ಕೆ ಹೋಗಿ ಗುಡಿಗೆ ಬರಲಾಗದವರು ಆ ಹೊತ್ತಿಗೆ ಕೆಲಸದ ಜಾಗದಲ್ಲೇ ಮೊಣಕಾಲೂರಲಿ ಎಂದರು. ಕೆಥೊಲಿಕ್ ಊರುಗಳಲ್ಲಿ ದಿನಕ್ಕೆ ಮೂರು ಸಲ ಗಂಟೆ ಬಾರಿಸುವ ಪದ್ಧತಿ ಇದೆ. ಹೊಲದಲ್ಲಿದ್ದವರು ನಿಂತಲ್ಲೇ ನಿಮಿಷ ಕಾಲ ತಲೆ ಬಾಗಿಸಿ ಮತ್ತೆ ಕೆಲಸ ಹಿಡಿಯುತ್ತಿದ್ದರು.

ನಮ್ಮ ಶರಣರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಷ್ಟಲಿಂಗ ಅಂಗೈಗೆ ಬಂದ ಮೇಲೆ ಗುಡಿಯವರೆಗೆ ನಡೆಯುವ ಅಗತ್ಯವೇ ಉಳಿಯಲಿಲ್ಲ. ಹೆಣ್ಣು, ಗಂಡು ಯಾರೇ ಆದರೂ ಎಡಗೈಯಲ್ಲಿ ಲಿಂಗವಿಟ್ಟು ಇದ್ದಲ್ಲೇ ಪೂಜಿಸಬಹುದು. ಬಿದ್ದ ಅಕ್ಕಿ ಆಯ್ದು ಬದುಕಿದ ಆಯ್ದಕ್ಕಿ ಮಾರಯ್ಯನಂತೂ ಕಾಯಕದಲ್ಲಿ ಮುಳುಗಿದವನು ಲಿಂಗಪೂಜೆ ಮರೆತರೂ ತಪ್ಪಿಲ್ಲ ಅಂದವನು. ಬೀದರಿನ ನಾನಕ್ ಝೀರಾಕ್ಕೆ ಹೋದವರಿಗೆ ಸಿಖ್ಖರ ರೀತಿಯೂ ಗೊತ್ತಿರುತ್ತದೆ. ನಸುಕಿನಲ್ಲಿ ಜಪ್‌ಜಿ, ಸಂಜೆ ರೆಹ್ರಾಸ್, ಮಲಗುವಾಗ ಸೋಹಿಲಾ. ನಡುವಿನ ಹಗಲೆಲ್ಲ ದುಡಿಮೆ. ದುಡಿದು ತಿನ್ನುವುದು, ನಾಮ ಜಪಿಸುವುದು, ಹಂಚಿ ಉಣ್ಣುವುದು ಮೂರನ್ನೂ ಅವರು ಒಟ್ಟಿಗೆ ಹೇಳುತ್ತಾರೆ.

ಕಣದ ಪ್ರಾರ್ಥನೆ

ಇನ್ನು ನಮ್ಮ ರೈತರದು. ಬಿತ್ತುವ ದಿನ ಕೂರಿಗೆ ತೊಳೆದು, ಕುಂಕುಮವಿಟ್ಟು, ಕಾಯಿ ಒಡೆದು ಆಮೇಲೆ ಸಾಲು ಹಿಡೀತೀವಿ. ಕಣದಲ್ಲಿ ರಾಶಿ ಪೂಜೆಯಾಗದೆ ಅಳೆಯುವುದಿಲ್ಲ. ಅಳೆಯುವಾಗಲೂ ಮೊದಲನೇ ಸೇರನ್ನು 'ಒಂದು' ಅನ್ನುವುದಿಲ್ಲ. ಕನ್ನಡದವನು 'ಲಾಭ' ಅಂತಾನೆ, ತೆಲುಗಿನವನು 'ಲಾಭಂ' ಅಂತಾನೆ. ಹರಕೆಯ ಕಾಸು ಗಂಟು ಕಟ್ಟಿದರೆ ನಮಗೆ ಅದು ಮುಡಿಪು, ಅವರಿಗೆ ಮುಡುಪು. ಎರಡು ನುಡಿಯಲ್ಲೂ ಗಂಟು ಒಂದೇ. ಈ ಪೂಜೆಗೆಲ್ಲ ಹಿಡಿಯುವ ಹೊತ್ತಿಗೆ ಯಾವ ಆಳಿನ ಕೂಲಿಯನ್ನೂ ಯಾವ ರೈತನೂ ಇದುವರೆಗೆ ಹಿಡಿದಿಲ್ಲ. ಅದು ನಮ್ಮ ಪೂಜೆ ಅಂತಲ್ಲವೆ?

ಲೆಕ್ಕ ಹೀಗಿರಲಿ

ಬೀಡಿಗೆ, ಟೀಗೆ, ಫೋನಿಗೆ ಆಳು ಎದ್ದು ಹೋದರೆ ನಾವು ಗಡಿಯಾರ ನೋಡುವುದಿಲ್ಲ. ನಮಾಜಿಗೋ ಜಪಕ್ಕೋ ಎದ್ದರೆ ಮಾತ್ರ ನೋಡ್ತೀವಿ. ಅಲ್ಲಿ ನಾವು ಲೆಕ್ಕ ಹಾಕುವುದು ನಿಮಿಷವನ್ನಲ್ಲ, ಮನುಷ್ಯನ ಧರ್ಮವನ್ನು. ಹಾಗೇ ಹತ್ತು ನಿಮಿಷದ ಪ್ರಾರ್ಥನೆಯನ್ನು ಒಂದು ಗಂಟೆಗೆ ಎಳೆಯುವ ಆಳಿಗೆ ಯಾವ ಧರ್ಮವೂ ಬೆಂಬಲ ಕೊಡುವುದಿಲ್ಲ. ಮೇಲೆ ಹೇಳಿದ ನಿಯಮಗಳನ್ನು ನೋಡಿದರೆ ದೇವರ ಹೊತ್ತನ್ನೂ ಧಣಿಯ ಹೊತ್ತನ್ನೂ ಎರಡನ್ನೂ ಕಾಯುವ ಎಚ್ಚರ ಅವುಗಳಲ್ಲಿ ಕಾಣುತ್ತದೆ.

ಮೊದಲೇ ಮಾತಾಡಿಕೊಂಡರೆ ಇದು ಬಗೆಹರಿಯದ ವಿಷಯವೇನಲ್ಲ. ಶುಕ್ರವಾರ ಊಟದ ಬಿಡುವನ್ನು ಜುಮ್ಮಾ ಹೊತ್ತಿಗೆ ಹೊಂದಿಸಬಹುದು. ಭಾನುವಾರ ಚರ್ಚಿಗೆ ಹೋಗುವವನಿಗೆ ಮಧ್ಯಾಹ್ನದ ಪಾಳಿ ಕೊಡಬಹುದು. ಕೈಕಾಲು ತೊಳೆಯಲು ಒಂದು ಕೊಡ ನೀರು, ನೆರಳಲ್ಲಿ ಒಂದು ಚೀಲ ಹಾಸುವಷ್ಟು ಜಾಗ, ಇಷ್ಟಕ್ಕೆ ಖರ್ಚೇನಿಲ್ಲ. ಈ ಸಲ ಶೇಂಗಾ ಕೀಳಲು ಆಳು ಕರೆಯುವಾಗ ಕೂಲಿ ಎಷ್ಟು ಅಂತ ಕೇಳುವ ಬಾಯಲ್ಲೇ, ನಿಮ್ಮ ಹೊತ್ತು ಯಾವುದು ಅಂತಲೂ ಕೇಳಿಬಿಡಿ.