ಹಳೆಯ ಜೀಪಿಗೆ ಹೊಸ ಕಸುವು

ಕೊಡಗಿನ ವಿದ್ಯಾರ್ಥಿಯೊಬ್ಬನು ಒಂದು ದಿನ ತರಗತಿ ಮುಗಿದ ಮೇಲೆ ಕೇಳಿದನು: “ಸಾರ್, ನಮ್ಮ ತೋಟದ ಹಳೆಯ ವಿಲ್ಲೀಸ್ ಜೀಪು ಏರಿನಲ್ಲಿ ಏದುಸಿರು ಬಿಡುತ್ತದೆ. ಬೇರೆ ಎಂಜಿನ್ ಕೂರಿಸಲು ತಂದೆಯವರು ಸಾಲಕ್ಕೆ ಹೊರಟಿದ್ದಾರೆ. ಕಡಮೆ ಖರ್ಚಿನ ದಾರಿಯಿಲ್ಲವೆ?” ಸಾಲಕ್ಕೆ ಮುಂಚೆ ಲೆಕ್ಕ ಹಾಕುವುದು ಲೇಸು.

1941ರಲ್ಲಿ ಯುದ್ಧಕ್ಕಾಗಿ ತಯಾರಾದ ಈ ಜೀಪಿನ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ 60 ಅಶ್ವಶಕ್ತಿಯನ್ನು ಕೊಡುತ್ತಿತ್ತು. ಆದರೆ ಅದರ ತಿರುಚುಬಲ ಗರಿಷ್ಠವಾಗುವುದು 2,000 ಸುತ್ತಿನಲ್ಲಿ: ಸುಮಾರು 142 ನ್ಯೂಟನ್-ಮೀಟರು. ಇದನ್ನು ಕೋನವೇಗದಿಂದ ಗುಣಿಸಿ ನೋಡಿರಿ. ದೊರೆಯುವುದು 40 ಅಶ್ವಶಕ್ತಿ ಮಾತ್ರ. ನಿಧಾನವಾಗಿ ಏರು ಹತ್ತುವ ಜೀಪು ತನ್ನ ಅರವತ್ತನ್ನೂ ಬಳಸುವುದಿಲ್ಲ. ಅಲ್ಲಿ ಬೇಕಾದುದು ಚಕ್ರವನ್ನು ತಿರುಗಿಸುವ ಬಲ.

ಮೊದಲು ಕಳೆದುಹೋದುದನ್ನು ಮರಳಿ ಪಡೆಯಬೇಕು. ಕವಾಟಗಳು ಬಿಗಿಯಾಗಿ ಮುಚ್ಚದಿದ್ದರೆ, ಪಿಸ್ಟನ್ನಿನ ಉಂಗುರಗಳು ಸವೆದಿದ್ದರೆ ಒತ್ತಡ ಸೋರಿಹೋಗುತ್ತದೆ. ಸಿಲಿಂಡರುಗಳ ಒತ್ತಡವನ್ನು ಅಳೆದರೆ ದೋಷ ತಿಳಿಯುತ್ತದೆ. ಕಿಡಿಯ ಕಾಲ, ಕಾರ್ಬ್ಯುರೇಟರು, ಗಾಳಿಯ ಶೋಧಕ, ಇವನ್ನೂ ಸರಿಪಡಿಸಬೇಕು.

ಸಿಲಿಂಡರಿನ ತಲೆಯನ್ನು ಉಜ್ಜಿಸಿ ಸಂಕೋಚನ ಪ್ರಮಾಣವನ್ನು ಹೆಚ್ಚಿಸಬಹುದಲ್ಲ ಎನ್ನುವವರಿದ್ದಾರೆ. ಮೂಲ ಪ್ರಮಾಣ 6.48. ಅದನ್ನು 7.4ಕ್ಕೆ ಏರಿಸಿದರೆ ಆದರ್ಶ ದಕ್ಷತೆ ನೂರಕ್ಕೆ 52.6ರಿಂದ 55ಕ್ಕೆ ಏರುತ್ತದೆ. ಅಂದರೆ ಅರವತ್ತಕ್ಕೆ ಹೆಚ್ಚೆಂದರೆ ಮೂರು ಅಶ್ವಶಕ್ತಿ ಸೇರೀತು. ಸವೆದ ಎಂಜಿನ್ನಿಗೆ ಈ ಹೆಚ್ಚಿನ ಒತ್ತಡ ಹೊರೆಯೇ.

ಇನ್ನು ಚಕ್ರಗಳನ್ನು ನೋಡೋಣ. ಅಂದಕ್ಕಾಗಿ 28 ಅಂಗುಲ ವ್ಯಾಸದ ಟೈರಿನ ಬದಲು 31 ಅಂಗುಲದ್ದನ್ನು ಹಾಕಿದರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ ನೂರಕ್ಕೆ ಹತ್ತರಷ್ಟು ಕುಗ್ಗುತ್ತದೆ. ಮೂಲ ಅಳತೆಗೆ ಮರಳಿದರೆ ಅದು ತಾನಾಗಿ ಹಿಂದಿರುಗುತ್ತದೆ. ಮತ್ತೆ, ನಾಲ್ಕು ಚಕ್ರಗಳಿಗೂ ಬಲವನ್ನು ಹಂಚುವ ಗಿಯರು ಪೆಟ್ಟಿಗೆಯಲ್ಲಿ 1.97ರ ಕೆಳ ಗಿಯರು ಇದ್ದೇ ಇದೆ. ಕೆಸರಿನ ಏರಿನಲ್ಲಿ ಅದನ್ನು ಹಾಕಿದರೆ ವೇಗ ಅರ್ಧವಾಗುತ್ತದೆ, ಬಲ ಸುಮಾರು ಇಮ್ಮಡಿಯಾಗುತ್ತದೆ. ಖರ್ಚು ಸೊನ್ನೆ!

ದೊಡ್ಡ ಎಂಜಿನ್ ಹಾಕಿದರೆ ಕೆಲಸ ಅಲ್ಲಿಗೇ ಮುಗಿಯದು. ಗಿಯರು, ಅಚ್ಚು, ಬ್ರೇಕುಗಳು ಹಳೆಯ ಬಲಕ್ಕೆ ತಕ್ಕವು. ಏರು ಹತ್ತಿದ ಗಾಡಿ ಇಳಿಯಲೂ ಬೇಕಲ್ಲವೆ?

ವಿದ್ಯಾರ್ಥಿ ಈ ಲೆಕ್ಕವನ್ನು ತಂದೆಗೆ ಒಪ್ಪಿಸಿದನು. ಕವಾಟಗಳನ್ನು ಅರೆಸಿ, ಹಳೆಯ ಅಳತೆಯ ಟೈರು ಹಾಕಿಸಿದರು. ಜೀಪು ತೋಟದ ಏರನ್ನು ಹತ್ತಿತು. ಸಾಲದ ಮಾತು ಅಲ್ಲಿಗೇ ನಿಂತಿತು.