ಹೊಳೆ ಹುಟ್ಟುವ ಕಾಡಿಗೆ ಹಳೆಯ ಬಸ್ಸಿನಲ್ಲಿ

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿಯನ್ನು ಬಿಟ್ಟು ರಾಣೇಬೆನ್ನೂರಿನ ಕಡೆಗೆ ಹೊರಟವರಿಗೆ ನಡುವೆ ಸಿಗುವ ಊರು ನಮ್ಮ ಮೋಟೆಬೆನ್ನೂರು. ನಮ್ಮ ಊರಿನ ಅತ್ಯಂತ ದೊಡ್ಡ ಪ್ರಯಾಣಿಕ ಯಾರೆಂದು ಕೇಳಿದರೆ ಸಣ್ಣ ಹುಡುಗರೂ ಮೈಲಾರ ಮಹಾದೇವಪ್ಪನವರ ಹೆಸರು ಹೇಳುತ್ತಾರೆ. 1930ರಲ್ಲಿ ಗಾಂಧೀಜಿಯವರೊಡನೆ ಸಾಬರಮತಿಯಿಂದ ದಂಡಿಯವರೆಗೆ, ಸುಮಾರು 385 ಕಿಲೋಮೀಟರ್ ದೂರವನ್ನು 24 ದಿನಗಳಲ್ಲಿ ನಡೆದು ಮುಗಿಸಿದ ತಂಡದಲ್ಲಿ, ಹತ್ತೊಂಬತ್ತು ತುಂಬದ ಈ ತರುಣನೂ ಇದ್ದ. ನಾಡನ್ನು ನೋಡಬೇಕಾದರೆ ನಡೆದೇ ನೋಡಬೇಕು ಎಂದು ನಮ್ಮ ತಂದೆಯವರು ಆ ಮಾತಿಗೆ ಸೇರಿಸಿ ಹೇಳುತ್ತಿದ್ದರು. ನಡೆಯಲಾರದವರು ಏನು ಮಾಡಬೇಕು? ನಡಿಗೆಗಿಂತ ತುಸುವೇ ವೇಗವಾಗಿ ಓಡುವ ಒಂದು ವಾಹನವನ್ನು ಹುಡುಕಿಕೊಳ್ಳಬೇಕು. ನಮಗೆ ಅಂಥದೊಂದು ಮನೆಯಲ್ಲಿಯೇ ಇತ್ತು.

ಅದು ನಮ್ಮ ಅಣ್ಣನ ಬಸ್ಸು. ಮೂರು ಮಂದಿಯ ಕೈ ದಾಟಿ ಅವನಲ್ಲಿಗೆ ಬಂದಾಗಲೇ ಅದಕ್ಕೆ ಇಪ್ಪತ್ತು ವರ್ಷ ತುಂಬಿತ್ತು. ಮದುವೆಯ ದಿಬ್ಬಣ, ಜಾತ್ರೆಯ ಜನ, ಸುಗ್ಗಿಯಲ್ಲಿ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ, ಹೀಗೆ ಎಲ್ಲವನ್ನೂ ಹೊತ್ತು ಅದರ ಒಳಗೆ ಒಂದು ಬಗೆಯ ಘಾಟು ಶಾಶ್ವತವಾಗಿ ನೆಲೆಸಿತ್ತು. ಹೊಸಬರು ಹತ್ತಿದ ಕೂಡಲೇ ಸೀನುತ್ತಿದ್ದರು. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಬಸ್ಸಿಗೆ ಬಾಡಿಗೆಯಿಲ್ಲ. ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಕೆಲಸವೂ ಇನ್ನೂ ಕೈಗೆ ಬಂದಿರಲಿಲ್ಲ. 2006ರ ಜನವರಿಯ ಮೊದಲ ವಾರ ನಾವು ಹದಿನಾಲ್ಕು ಮಂದಿ, ಒಂದು ಬುಟ್ಟಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎರಡು ಕ್ಯಾನು ನೀರು, ಗಾಲಿಗೆ ಕೊಡಲು ನಾಲ್ಕು ಕಲ್ಲು, ಇಷ್ಟನ್ನು ಹೇರಿಕೊಂಡು ಪಶ್ಚಿಮದ ಕಾಡುಗಳತ್ತ ಹೊರಟೆವು.

ಹೊರಡುವುದಕ್ಕೆ ಕಾರಣ ನಮ್ಮ ಅವ್ವ. ಎಪ್ಪತ್ತೆಂಟು ವರ್ಷದ ಆಕೆಗೆ ತುಂಗಭದ್ರೆ ಹುಟ್ಟುವ ಜಾಗವನ್ನು ನೋಡುವ ಆಸೆ. ಜೀವಮಾನವೆಲ್ಲ ಕೆರೆ ಬಾವಿಗಳಿಂದ ನೀರು ಹೊತ್ತವಳು, ನೀರಿನ ತವರುಮನೆಯನ್ನು ಒಮ್ಮೆ ಕಾಣಬೇಕೆಂದಳು. ಒಂದು ಹಿತ್ತಾಳೆಯ ತಂಬಿಗೆಯಲ್ಲಿ ಊರ ನೀರನ್ನು ತುಂಬಿ, ಬಾಯಿಗೆ ಅರಿವೆ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡಳು. ಕಾಶಿಗೆ ಹೋದವರು ಅಲ್ಲಿಯ ನೀರನ್ನು ತರುತ್ತಾರೆ, ತಾನು ಇಲ್ಲಿಯದನ್ನು ಒಯ್ಯುತ್ತೇನೆ ಎಂಬುದು ಆಕೆಯ ವಾದ. ಅಣ್ಣನಿಗೆ ಮಾತ್ರ ಕಾಡೆಂದರೆ ಸಿಟ್ಟು. ರಾಣೇಬೆನ್ನೂರಿನ ಕಡೆ ಅವನದೊಂದು ಹೊಲವಿದೆ. ಆ ವರ್ಷ ಮೊಳೆತ ಗೋವಿನಜೋಳವನ್ನು ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಎರಡು ಸಲ ಮೇದು ಹೋಗಿದ್ದವು.

ಆದ್ದರಿಂದಲೇ ನಮ್ಮ ಪ್ರವಾಸದ ಮೊದಲ ಕಾಡು ಮನೆಯ ಬಾಗಿಲಲ್ಲಿರುವ ರಾಣೇಬೆನ್ನೂರು ಕೃಷ್ಣಮೃಗ ಅಭಯಾರಣ್ಯವೇ ಆಯಿತು. ಪಡುವಣಕ್ಕೆ ತಿರುಗುವ ಮೊದಲು ಅದನ್ನು ನೋಡೋಣವೆಂದು ಹಟ ಹಿಡಿದವನು ನಾನು. ಸುಮಾರು 119 ಚದರ ಕಿಲೋಮೀಟರ್ ವಿಸ್ತಾರದ ಈ ನೆಲ 1974ರಲ್ಲಿ ಅಭಯಾರಣ್ಯವಾಯಿತು. ಕಾಡೆಂದರೆ ದಟ್ಟ ಮರಗಳೆಂದು ತಿಳಿದವರಿಗೆ ಇದು ಕಾಡಿನಂತೆ ತೋರುವುದಿಲ್ಲ. ಚಿಗರಿಗೆ ಬೇಕಾದದ್ದು ಬಯಲು. ದೂರದಿಂದಲೇ ಶತ್ರುವನ್ನು ಕಂಡು, ನೆಗೆದು ಓಡಿ ಪಾರಾಗುವ ಪ್ರಾಣಿ ಅದು. ಇಂಥ ಬಯಲಿನಲ್ಲಿ ನೀಲಗಿರಿ ಮರಗಳನ್ನು ನೆಟ್ಟದ್ದರಿಂದ ಹುಲ್ಲುಗಾವಲು ಕುಗ್ಗಿತು. ಒಂದು ಕಾಲಕ್ಕೆ ಇಲ್ಲಿ ಕಾಣುತ್ತಿದ್ದ ಎರೆಭೂತವೆಂಬ ದೊಡ್ಡ ಹಕ್ಕಿ ಈಗ ಇಲ್ಲಿಲ್ಲ. ಚಿಗರಿ ಮಾತ್ರ ಉಳಿದು ಹೆಚ್ಚಿತು. ತನ್ನ ಬಯಲು ಸಾಲದಾದಾಗ ನಮ್ಮ ಹೊಲವನ್ನೇ ಬಯಲೆಂದು ಬಗೆಯಿತು. ಕಪ್ಪು ಬೆನ್ನಿನ ಗಂಡೊಂದು ಸುರುಳಿ ಕೋಡುಗಳನ್ನು ಹಿಂದಕ್ಕೆ ಚೆಲ್ಲಿ ನಿಂತಿದ್ದನ್ನು ಕಂಡು ಮಕ್ಕಳು ಕುಣಿದಾಡಿದರು. ಅಣ್ಣ ಸ್ಟೀರಿಂಗ್ ಬಿಡದೆ ನುಡಿದ: "ಇವನ್ನ ಕಾಯಾಕ ಸರಕಾರ ಐತಿ. ನನ್ನ ಹೊಲಾ ಕಾಯಾಕ ಯಾರದಾರ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದು ನಮ್ಮೊಡನೆ ಬಸ್ಸನ್ನೇರಿ ಪ್ರವಾಸದುದ್ದಕ್ಕೂ ಬಂತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ಅಭಯಾರಣ್ಯ ಬೇರೆ, ರಾಷ್ಟ್ರೀಯ ಉದ್ಯಾನ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯದಲ್ಲಿ ಜನರ ಕೆಲವು ಹಕ್ಕುಗಳು ಅನುಮತಿಯ ಮೇಲೆ ಮುಂದುವರಿಯಬಹುದು. ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವುದಕ್ಕೂ ಅವಕಾಶವಿಲ್ಲ. ಕರ್ನಾಟಕದಲ್ಲಿ ಇಂಥ ಉದ್ಯಾನಗಳು ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ, ಕುದುರೆಮುಖ. ಅಣಶಿ ಮತ್ತು ಕುದುರೆಮುಖ ಇವೆರಡೂ 1987ರಲ್ಲಿ ಘೋಷಿತವಾದವು. ನಾವು ಹೊರಟದ್ದು ಈ ಎರಡಕ್ಕೆ.

ಹಾನಗಲ್ಲು, ಶಿರಸಿ, ಯಲ್ಲಾಪುರ, ದಾಂಡೇಲಿ; ಈ ದಾರಿಯಲ್ಲಿ ಬಸ್ಸು ನಿಧಾನವಾಗಿ ಹೋದಷ್ಟೂ ನೋಡುವುದಕ್ಕೆ ಹೆಚ್ಚು. ಹಾನಗಲ್ಲು ದಾಟುತ್ತಲೇ ಗಾಳಿ ತಣ್ಣಗಾಗುತ್ತದೆ, ಮಾಳಿಗೆ ಮನೆಗಳು ಹೋಗಿ ಇಳಿಜಾರಿನ ಹೆಂಚಿನ ಮನೆಗಳು ಬರುತ್ತವೆ, ಹತ್ತಿಯ ಹೊಲ ಮುಗಿದು ಅಡಿಕೆಯ ತೋಟ ತೊಡಗುತ್ತದೆ. ಮಳೆ ಹೆಚ್ಚಾಗುತ್ತ ಹೋಗುವುದನ್ನು ಹೀಗೆ ಕಣ್ಣಿನಿಂದಲೇ ಅಳೆಯಬಹುದು. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಸುರಿಯುವ ಮಳೆ ನಮ್ಮ ಬ್ಯಾಡಗಿ ಸೀಮೆಯಲ್ಲಿ ಅದರ ಹತ್ತನೆಯ ಒಂದು ಪಾಲಿನಷ್ಟು.

ಅಣಶಿಯ ಕಾಡಿನಲ್ಲಿ ಜೊಯಿಡಾದಿಂದ ಕದ್ರಾದವರೆಗೆ ಸಾಗುವ ರಸ್ತೆ ಉದ್ಯಾನವನ್ನೇ ಸೀಳಿಕೊಂಡು ಹೋಗುತ್ತದೆ. ಅಲ್ಲಿ ಮುಗಿಲೆತ್ತರದ ಮರವೊಂದರಿಂದ ಭಾರವಾದ ರೆಕ್ಕೆಯ ಸದ್ದು ಮಾಡುತ್ತ ಮಂಗಟ್ಟೆ ಹಕ್ಕಿ ಹಾರಿತು. ಹಳೆಯ ಮರದ ಪೊಟರೆಯಲ್ಲಿ ಹೆಣ್ಣು ಒಳಹೊಕ್ಕು, ಬಾಗಿಲನ್ನು ಮೆತ್ತಿಕೊಂಡು ಕುಳಿತರೆ, ಸಣ್ಣ ಸೀಳಿನ ಮೂಲಕ ಗಂಡು ವಾರಗಟ್ಟಲೆ ಹಣ್ಣು ತಂದು ಉಣಿಸುತ್ತದೆ ಎಂದು ನಾನು ವಿವರಿಸಿದೆ. "ಬಾಣಂತನಾ ಅಂದ್ರ ಹಿಂಗ ಮಾಡಬೇಕು ನೋಡ್ರಿ" ಎಂದು ಅತ್ತಿಗೆ ಅಣ್ಣನತ್ತ ನೋಡಿದಳು. ಮುದಿ ಮರವಿಲ್ಲದೆ ಈ ಹಕ್ಕಿಗೆ ಮನೆಯಿಲ್ಲ. ಹಕ್ಕಿ ತಿಂದು ಉದುರಿಸುವ ಬೀಜವಿಲ್ಲದೆ ಎಷ್ಟೋ ಮರಗಳಿಗೆ ಸಂತಾನವೂ ಕಷ್ಟ.

ಇದೇ ಕಾಡಿನ ಮಗ್ಗುಲಲ್ಲಿ ಕಾಳಿ ನದಿಗೆ ಸೂಪಾದಲ್ಲಿ ನೂರು ಮೀಟರಿಗೂ ಎತ್ತರದ ಅಣೆಕಟ್ಟಿದೆ. ಅಲ್ಲಿ ಹುಟ್ಟುವ ವಿದ್ಯುತ್ತು ನಾಡಿನ ದೀಪಗಳನ್ನು ಬೆಳಗಿಸುತ್ತದೆ. ಆದರೆ ಸೂಪಾ ಎಂಬ ಊರು ನೀರಿನಡಿ ಇದೆ. ಅಲ್ಲಿಯ ಜನ ಮನೆ ಮಠ ಬಿಟ್ಟು ಎದ್ದುಹೋದರು. ಈ ಮಾತನ್ನು ಕೇಳಿ ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಚಿಗರಿ ಮೇಯ್ದ ಹೊಲಕ್ಕಿಂತ ದೊಡ್ಡ ನಷ್ಟವನ್ನು ಅವನು ಅಂದು ಮೊದಲ ಸಲ ಕಣ್ಣಾರೆ ಕಂಡಿದ್ದ. ಅಣಶಿ ಉದ್ಯಾನ, ದಾಂಡೇಲಿ ಅಭಯಾರಣ್ಯಗಳೆರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರನ್ನೇ ಇಟ್ಟರು.

ಕಾರವಾರದಿಂದ ಕಡಲ ದಂಡೆ ಹಿಡಿದು ಹೊನ್ನಾವರ, ಕುಂದಾಪುರ, ಉಡುಪಿ ದಾಟಿ ಕಾರ್ಕಳ ಸೇರಿ, ಮಾಳದ ಮೂಲಕ ಮತ್ತೆ ಘಟ್ಟವೇರಿದೆವು. ಹಳೆಯ ವಾಹನದಲ್ಲಿ ಘಟ್ಟ ಹತ್ತುವವರಿಗೆ ಎರಡು ಮಾತು ಹೇಳಬೇಕು. ಯಾವ ಗೇರಿನಲ್ಲಿ ಹತ್ತುವಿರೋ ಅದೇ ಗೇರಿನಲ್ಲಿ ಇಳಿಯಬೇಕು. ಕೇವಲ ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ತಪ್ಪುತ್ತದೆ. ಎಂಜಿನ್ನೇ ಗಾಲಿಯನ್ನು ಹಿಡಿದು ನಿಲ್ಲಿಸುವಂತೆ ಇರಬೇಕು. ಎರಡನೆಯದು, ರೇಡಿಯೇಟರಿನ ನೀರು ಕುದಿದಾಗ ಅವಸರದಿಂದ ಮುಚ್ಚಳ ತೆರೆಯಕೂಡದು, ಕಾದ ಎಂಜಿನ್ನಿಗೆ ತಣ್ಣೀರು ಸುರಿಯಕೂಡದು. ನೆರಳಿನಲ್ಲಿ ನಿಲ್ಲಿಸಿ, ಅರ್ಧ ತಾಸು ತಾಳಿಕೊಂಡು, ಆಮೇಲೆ ತುಸುತುಸುವಾಗಿ ಹಾಕಬೇಕು.

ನಮ್ಮ ಬಸ್ಸು ಮೂರು ಕಡೆ ಕುದಿಯಿತು. ಮೊದಲ ಎರಡು ಸಲಕ್ಕೆ ಕ್ಯಾನುಗಳು ಬರಿದಾದವು. ಮೂರನೆಯ ಸಲ, ಕಾಡಿನ ಒಂದು ತಿರುವಿನಲ್ಲಿ, ಕೆಳಗೆಲ್ಲೋ ತೊರೆಯ ಸದ್ದು ಕೇಳುತ್ತಿತ್ತು. ಆದರೆ ಕಾಡಿನೊಳಗೆ ಇಳಿಯಬಾರದೆಂಬ ಫಲಕ ಎದುರಿಗೇ ಇತ್ತು. ಅಣ್ಣ ಫಲಕವನ್ನೂ ನೋಡಿದ, ಅವ್ವನ ತೊಡೆಯ ಮೇಲಿನ ತಂಬಿಗೆಯನ್ನೂ ನೋಡಿದ, ಕೇಳಲಾರದೆ ನಿಂತ. ಅವ್ವ ತಾನಾಗಿಯೇ ಅರಿವೆ ಬಿಚ್ಚಿ ಕೊಟ್ಟಳು. "ಹಾಕಪಾ. ಬಾಯಾರಿದವರಿಗೆ ಕೊಟ್ಟ ಮ್ಯಾಲೆ ದೇವರಿಗೆ ಮುಟ್ಟಿಧಂಗನ."

ಹೀಗೆ ಮೋಟೆಬೆನ್ನೂರಿನ ನೀರನ್ನು ಕುಡಿದು ಬಸ್ಸು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಗಂಗಾಮೂಲದ ಬಳಿ ಬಂತು. ತುಂಗೆ, ಭದ್ರೆ ಎರಡರ ಹುಟ್ಟೂ ಇಲ್ಲಿಯೇ. ನೇತ್ರಾವತಿಯೂ ಇದೇ ಗಿರಿಸಾಲಿನ ಮಗಳು. ಅವಳು ಪಡುವಣ ಕಡಲಿಗೆ ಇಳಿಯುತ್ತಾಳೆ. ಇವರಿಬ್ಬರು ಮೂಡಣಕ್ಕೆ ಹರಿದು ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯಾಗಿ ನಮ್ಮ ಸೀಮೆಗೆ ಬರುತ್ತಾರೆ. ಅವ್ವ ಅಷ್ಟು ದೂರದಿಂದ ಬಂದವಳು ಸಣ್ಣದೊಂದು ನೀರ ಎಳೆಯನ್ನು ಕಂಡು ನಿರಾಶೆಯಿಂದ "ಇಷ್ಟ ಏನೋ?" ಎಂದಳು.

ಇಷ್ಟೇ ಅಲ್ಲವೆಂಬುದನ್ನು ತಿಳಿಯಬೇಕಾದರೆ ತಲೆಯೆತ್ತಿ ಬೆಟ್ಟಗಳನ್ನು ನೋಡಬೇಕು. ಅಲ್ಲಿ ನೆತ್ತಿ ಮತ್ತು ಇಳಿಜಾರಿನಲ್ಲಿ ಹುಲ್ಲು. ಮಡಿಕೆ ಮಡಿಕೆಗಳಲ್ಲಿ ಗುಂಪುಗಟ್ಟಿ ನಿಂತ ನಿತ್ಯಹರಿದ್ವರ್ಣದ ಗಿಡ್ಡ ಕಾಡು. ಇದನ್ನು ಶೋಲಾ ಎನ್ನುತ್ತಾರೆ. ಮಳೆಗಾಲದ ಹೊಡೆತವನ್ನು ಹುಲ್ಲು ತಡೆದು ನಿಧಾನಗೊಳಿಸುತ್ತದೆ. ಶೋಲಾದ ತರಗೆಲೆಯ ಮೆತ್ತೆ ನೀರನ್ನು ಹೀರಿ ಮಣ್ಣಿಗೆ ಇಳಿಸುತ್ತದೆ. ಮಣ್ಣು ಅದನ್ನು ಬೇಸಿಗೆಯುದ್ದಕ್ಕೂ ಹನಿಹನಿಯಾಗಿ ಬಿಟ್ಟುಕೊಡುತ್ತದೆ. ಇಂಥ ಸಾವಿರ ಎಳೆಗಳು ಕೂಡಿದರೆ ಹೊಳೆ. ಬೆಟ್ಟ ಬೋಳಾದರೆ ಅದೇ ಮಳೆ ನಾಲ್ಕು ದಿನಗಳಲ್ಲಿ ಕೆಂಪು ನೀರಾಗಿ ಹರಿದುಹೋಗುತ್ತದೆ, ಉಳಿದ ದಿನ ಬರಿ ಮರಳು.

ಅಲ್ಲಿಂದ ಮುಂದೆ ಕುದುರೆಮುಖದ ಗಣಿ ಪಟ್ಟಣ. 1976ರಲ್ಲಿ ಇರಾನಿಗೆ ಅದಿರು ಕಳುಹಿಸುವ ಒಪ್ಪಂದದ ಮೇಲೆ ಆರಂಭವಾದ ಉದ್ಯಮವಿದು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿದ್ದರು. ಭದ್ರೆಗೆ ಹೂಳು ಸೇರುತ್ತದೆ, ಕಾಡು ಕೆಡುತ್ತದೆ ಎಂದು ಮೊಕದ್ದಮೆ ನಡೆದು, ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ನಾವು ಹೋದದ್ದು ಅದಾದ ಕೆಲವೇ ದಿನಗಳಲ್ಲಿ. ಚಹದಂಗಡಿಯಲ್ಲಿ ಕುಳಿತಿದ್ದ ಒಬ್ಬ ನೌಕರರು, ಮುಂದೆ ಮಕ್ಕಳ ಶಾಲೆ ಎಲ್ಲಿ ಎಂಬುದೇ ತಿಳಿಯದು ಎಂದರು. ಅವರ ಅನ್ನ ಹೋದದ್ದು ನಿಜ. ನಮ್ಮ ಹೊಳೆ ತಿಳಿಯಾದದ್ದೂ ನಿಜ.

ಕಳಸ, ಬಾಳೆಹೊನ್ನೂರುಗಳಲ್ಲಿ ಭದ್ರೆಯನ್ನು ಮತ್ತೆ ಮತ್ತೆ ಕಾಣುತ್ತ, ಶಿವಮೊಗ್ಗದ ಮೇಲಿಂದ ಹರಿಹರದ ಸೇತುವೆಗೆ ಬಂದಾಗ ಸಂಜೆಯಾಗಿತ್ತು. ಅಣ್ಣ ಹೇಳದೆಯೇ ಬಸ್ಸನ್ನು ಬದಿಗೆ ನಿಲ್ಲಿಸಿದ. ಕೆಳಗೆ ವಿಶಾಲವಾದ ತುಂಗಭದ್ರೆ. ಅವ್ವ ಖಾಲಿ ತಂಬಿಗೆಯನ್ನು ಹಿಡಿದು ನೋಡುತ್ತ ನಿಂತಳು. "ಆ ಎಳಿನಽ ಇದು?" ಎಂದು ಎರಡು ಸಲ ಕೇಳಿದಳು. ಆಗ ಅಣ್ಣ ಹೇಳಿದ ಮಾತನ್ನು ನಾನು ಇಂದಿಗೂ ಮರೆತಿಲ್ಲ: "ನೀರು ಎಲ್ಲಾರದು ಅಂತಾದ್ರ, ಕಾಡಿನ ಲುಕ್ಸಾನೂ ಎಲ್ಲಾರದು ಆಗಬೇಕಲ್ಲಪಾ."

ಈ ಭಾಷಣದ ಸಾರವೂ ಅಷ್ಟೇ. ಕಾಡಿನ ಫಲ ದೂರದವರಿಗೆ ಹೋಗುತ್ತದೆ, ಕಾಡಿನ ಕಷ್ಟ ಹತ್ತಿರದವರ ಮೇಲೆ ಬೀಳುತ್ತದೆ. ತುಂಗಭದ್ರೆಯ ನೀರು ಹಾವೇರಿ, ರಾಣೇಬೆನ್ನೂರುಗಳ ನಲ್ಲಿಗಳಲ್ಲಿ ಬರುತ್ತದೆ. ತುಂಗಾ ಮೇಲ್ದಂಡೆಯ ಕಾಲುವೆ ನಮ್ಮ ಜಿಲ್ಲೆಯ ಹೊಲಗಳಿಗೂ ಹರಿದಿದೆ. ಹಂಚಿಕೊಳ್ಳುವುದು ಅಸಾಧ್ಯವೇನಲ್ಲ. ಭದ್ರಾ ಅಭಯಾರಣ್ಯದೊಳಗಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳು 2001-02ರ ಸುಮಾರಿಗೆ ಬೇರೆಡೆಗೆ ಹೋದಾಗ ಅವರಿಗೆ ನೆಲವನ್ನೂ ಮನೆಯನ್ನೂ ಕೊಟ್ಟರು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ, ತುರ್ತು ವಾಹನ ಹಾಗೂ ಕೆಲವೇ ಬಸ್ಸುಗಳ ಹೊರತು, ಸಂಚಾರವಿಲ್ಲ. ದಾಟಲಿರುವ ಲಾರಿಯವನು ಒಂಬತ್ತು ತಾಸು ಕಾಯುತ್ತಾನಲ್ಲ, ಅದು ಕಾಡಿಗೆ ಅವನು ತೆರುವ ಪಾಲು.

ಕುದುರೆಮುಖ 2012ರಲ್ಲಿ ಪಶ್ಚಿಮ ಘಟ್ಟದ ಇತರ ತಾಣಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದಕ್ಕೆ ಒಂದು ವರ್ಷ ಮೊದಲೇ ನಮ್ಮ ಬಸ್ಸು ಗುಜರಿಗೆ ಹೋಗಿತ್ತು. ಅವ್ವ ಈಗಿಲ್ಲ, ಆಕೆಯ ತಂಬಿಗೆ ಜಗುಲಿಯ ಮೇಲಿದೆ. ಅಣ್ಣ ಬಿತ್ತನೆಯ ದಿನಗಳಲ್ಲಿ ಇಂದಿಗೂ ರಾತ್ರಿ ಹೊಲ ಕಾಯಲು ಹೋಗುತ್ತಾನೆ, ಚಿಗರಿಗಳನ್ನು ಕೂಗಿ ಅಟ್ಟುತ್ತಾನೆ, ಬೈಯುತ್ತಾನೆ. ಆದರೆ ಉರುಲು ಹಾಕೋಣವೆಂದು ನೆರೆಯ ಹೊಲದವರು ಒಮ್ಮೆ ಕೇಳಿದಾಗ ಅವನು ಒಪ್ಪಲಿಲ್ಲ. "ಬ್ಯಾಡ್ರಿ, ನಾ ಗಂಗಾಮೂಲ ನೋಡಿ ಬಂದೇನಿ" ಎಂದನಂತೆ. ಅವರಿಗೆ ಅದು ಅರ್ಥವಾಗಲಿಲ್ಲ. ತಮಗೆ ಅರ್ಥವಾಗಬಹುದೆಂದು ಇಲ್ಲಿ ಹೇಳಿದ್ದೇನೆ.