ನಿಮಗಿದು ಗೊತ್ತೆ? ಸರ್ವರ್‌ನ ಗುರುತು ಕೇಳಿದ ಲೈಬ್ರರಿ!

ಹುಡುಕಾಟದ ಡೇಟಾಬೇಸ್ ಎಲಾಸ್ಟಿಕ್‌ಸರ್ಚ್‌ನ ಪೈಥಾನ್ ಕ್ಲೈಂಟ್ ಲೈಬ್ರರಿ 2021ರ ಆಗಸ್ಟ್‌ನಲ್ಲಿ ಕೆಲವು ಸರ್ವರ್‌ಗಳ ಜೊತೆ ಇದ್ದಕ್ಕಿದ್ದಂತೆ ಮಾತು ಬಿಟ್ಟಿತು! ಲೈಬ್ರರಿಯ ಲೈಸೆನ್ಸ್ ಬದಲಾಗಿರಲಿಲ್ಲ. ಅದು ಅಪಾಚೆ 2.0 ಅಡಿಯಲ್ಲೇ ಇತ್ತು. ಬದಲಾಗಿದ್ದು ಡೇಟಾಬೇಸ್‌ನ ಲೈಸೆನ್ಸ್. ಅದನ್ನು ಒಪ್ಪದ ಅಮೆಜಾನ್, ಅದರ ಹಳೆಯ 7.10 ಆವೃತ್ತಿಯ ಕೋಡ್ ತೆಗೆದುಕೊಂಡು ಓಪನ್‌ಸರ್ಚ್ ಕಟ್ಟಿತ್ತು. ಕ್ಲೈಂಟ್‌ನ 7.14ನೇ ಆವೃತ್ತಿ ಕೆಲಸಕ್ಕಿಳಿಯುವ ಮೊದಲು ಸರ್ವರ್‌ನ ಆವೃತ್ತಿ ಸಂಖ್ಯೆ, ಅಡಿಬರಹ ಎಲ್ಲ ವಿಚಾರಿಸುತ್ತಿತ್ತು. ಅವು ಎಲಾಸ್ಟಿಕ್‌ಸರ್ಚ್‌ಗೆ ತಾಳೆಯಾಗದಿದ್ದರೆ ಎರರ್! ಎಷ್ಟೋ ಡೆವಲಪರ್‌ಗಳು ಮಾಡಿದ್ದು ಲೈಬ್ರರಿ ಅಪ್‌ಡೇಟ್ ಮಾತ್ರ. ಅವರ ಪಾಲಿಗೆ ಇದು ನಿಜಕ್ಕೂ ಅನ್ಯಾಯ. ಕೊನೆಗೆ ಲೈಬ್ರರಿಯೂ ಇಬ್ಭಾಗವಾಗಿ ‘ಓಪನ್‌ಸರ್ಚ್-ಪೈ’ ಹುಟ್ಟಿತು. ಹಳೆಯ ಕೋಡ್‌ನಲ್ಲಿ ಉಳಿದ ದೋಷವನ್ನು ಈಗ ಎರಡೂ ಕಡೆ ಬೇರೆಬೇರೆಯಾಗಿ ತಿದ್ದಬೇಕು.